ಹಡಗಿನಲ್ಲಿ ಸಾಮಾನು ತರಿಸುವವರೇ, ‘ಎಲ್ಲಾ ಸೇರಿ’ ಅನ್ನುವ ಮಾತು ನಂಬಬೇಡಿ

ಸಿಟ್ಟು ಇನ್ನೂ ಇಳಿದಿಲ್ಲ. ನಾಚಿಕೆ ಅದಕ್ಕಿಂತ ಜಾಸ್ತಿ. ಆದರೂ ಬರೆಯುತ್ತಿದ್ದೇನೆ. ಊರಿಂದ ಹೊರದೇಶಕ್ಕೆ ಸಾಮಾನು ತರಿಸಿಕೊಳ್ಳುವ ಇನ್ನೊಬ್ಬರು ಇದೇ ಹಳ್ಳಕ್ಕೆ ಬೀಳಬಾರದು.

ನಾನಿರುವುದು ಜರ್ಮನಿಯ ಹ್ಯಾಂಬರ್ಗ್ ಹತ್ತಿರ. ಅಗ್ನಿಶಾಮಕ ದಳದವರು ಮಾರಿದ ಹಳೇ ಮರ್ಸಿಡಿಸ್ ಟ್ರಕ್ ಒಂದನ್ನು ತಗೊಂಡು, ಎರಡು ವರ್ಷದಿಂದ ಶನಿವಾರ ಭಾನುವಾರ ಕೂತು ಕ್ಯಾಂಪರ್, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಂಡು ತಿರುಗಾಡುವ ಗಾಡಿ, ಮಾಡುತ್ತಿದ್ದೇನೆ. ನೀರಿನ ಟ್ಯಾಂಕ್, ಮಂಚದ ಫ್ರೇಮು, ಅಡುಗೆ ಕಟ್ಟೆಯ ಸ್ಟೀಲ್ ಕೆಲಸ ಇಲ್ಲಿ ಮಾಡಿಸಿದರೆ ಕೂಲಿಯೇ ಕೈ ಸುಡುತ್ತದೆ. ನಮ್ಮ ಭಾವನದು ಪೀಣ್ಯದಲ್ಲಿ ಫ್ಯಾಬ್ರಿಕೇಶನ್ ಶೆಡ್ ಇದೆ. 304 ಸ್ಟೇನ್‌ಲೆಸ್ ಸ್ಟೀಲಿನಲ್ಲಿ 120 ಲೀಟರಿನ ಎರಡು ಟ್ಯಾಂಕ್ ಮಾಡಿಕೊಟ್ಟರು. ವೆಲ್ಡಿಂಗ್ ಮೇಲೆ ಬೆರಳಾಡಿಸಿದರೆ ಗೆರೆ ಸಿಗುವುದಿಲ್ಲ, ಅಷ್ಟು ನಯ. ಮಂಚ, ಕಟ್ಟೆಗೆ ಬೇಕಾದ ಅಲ್ಯೂಮಿನಿಯಂ ಸೆಕ್ಷನ್, ಹಿಂಜು, ಚಿಲಕ ಎಲ್ಲಾ ಜೊತೆಗಿಟ್ಟರು.

ಕಳಿಸಲು ಬೆಂಗಳೂರಿನಲ್ಲಿ ಮೂರು ಕಡೆ ರೇಟ್ ಕೇಳಿದೆ. ಇಬ್ಬರು ಲಕ್ಷದ ಹತ್ತಿರ ಹೇಳಿದರು. ಮೂರನೆಯವನು 38 ಸಾವಿರ ಅಂದ. ಅಲ್ಲೇ ಅನುಮಾನ ಬರಬೇಕಿತ್ತು, ಅಲ್ವಾ? ಬರಲಿಲ್ಲ. “ಮನೆ ಬಾಗಿಲ ತನಕಾನಾ?” ಅಂತ ಬಿಡಿಸಿ ಕೇಳಿದೆ. “ಎಲ್ಲಾ ಸೇರಿ ಸರ್. ನಮ್ಮವರೇ ಅಲ್ವಾ ನೀವು, ಟೆನ್ಶನ್ ತಗೋಬೇಡಿ” ಅಂದ. ಫೋನಿನಲ್ಲಿ. ಬರವಣಿಗೆಯಲ್ಲಿ ಅಲ್ಲ. ಆ ‘ನಮ್ಮವರೇ’ ಅನ್ನುವುದಕ್ಕೆ ನಾನು ಕರಗಿಬಿಟ್ಟೆ.

ಚೆನ್ನೈ ಬಂದರಿನಿಂದ ಹೋಯಿತು, ಬೇರೆಯವರ ಸಾಮಾನಿನ ಜೊತೆ ಒಂದೇ ಕಂಟೇನರಿನಲ್ಲಿ. ಅದು 2024. ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ನಡೆಯುತ್ತಿದ್ದರಿಂದ ಅವು ಆಫ್ರಿಕಾ ಸುತ್ತಿ ಬರುತ್ತಿದ್ದವು. ಒಂದು ತಿಂಗಳು ಅಂದಿದ್ದು ಎರಡರ ಮೇಲಾಯಿತು. ಅದಕ್ಕೆ ನನ್ನ ತಕರಾರಿಲ್ಲ.

ಆಮೇಲೆ ಒಂದು ಬೆಳಗ್ಗೆ, ನಾನು ಹೆಸರೇ ಕೇಳದ ಇಲ್ಲಿನ ಒಂದು ಕಂಪನಿಯಿಂದ ಮೇಲ್ ಬಂತು. ಪೆಟ್ಟಿಗೆ ಬಂದಿದೆ, 1,140 ಯೂರೋ ಕಟ್ಟಿ ಬಿಡಿಸಿಕೊಳ್ಳಿ. ಲಕ್ಷ ರೂಪಾಯಿ ಮೇಲೆ! ಟರ್ಮಿನಲ್‌ಗೆ ಒಂದು, ಕಂಟೇನರ್ ಖಾಲಿ ಮಾಡಿದ್ದಕ್ಕೆ ಒಂದು, ಕಾಗದಪತ್ರಕ್ಕೆ ಒಂದು, ‘ಹ್ಯಾಂಡ್ಲಿಂಗ್’ ಅಂತ ಬೇರೆ ಬೇರೆ ಹೆಸರಿನಲ್ಲಿ ಮೂರು ಸಲ. ಕಸ್ಟಮ್ಸ್ ಸುಂಕ, ಶೇಕಡಾ 19 ಆಮದು ತೆರಿಗೆ ಇದರ ಮೇಲೆ ಬೇರೆ. ಅದು ಸರ್ಕಾರದ್ದು, ಕಟ್ಟಲೇಬೇಕು, ಬಿಡಿ.

ಏಜೆಂಟಿಗೆ ವಾಟ್ಸಾಪ್ ಮಾಡಿದೆ.

“ಸರ್, ಪೋರ್ಟ್ ತನಕ ನಮ್ದು. ಆಮೇಲೆ ಅಲ್ಲಿಯವರದು.”

“ಎಲ್ಲಾ ಸೇರಿ ಅಂದ್ರಲ್ಲ?”

“ಹೌದು ಸರ್. ನಮ್ಮ ಕಡೆಯದು ಎಲ್ಲಾ ಸೇರಿ.”

ಇದನ್ನು ಎಷ್ಟು ಸಲ ಓದಿದೆನೋ. ನಮ್ಮ ಕಡೆಯದು ಎಲ್ಲಾ ಸೇರಿ! ಆಮೇಲೆ ಇನ್ನೊಂದು ಬಂತು: “ನೀವು ಓದಿರೋರು ಸರ್, ಕೊಟೇಶನ್ ನೋಡ್ಬೇಕಿತ್ತು.” ತೆಗೆದು ನೋಡಿದೆ. ಕೆಳಗೆ ಸಣ್ಣದಾಗಿ ‘ಸಿಐಎಫ್ ಹ್ಯಾಂಬರ್ಗ್’ ಅಂತ ಇತ್ತು. ನಾನು ಹ್ಯಾಂಬರ್ಗ್ ಮಾತ್ರ ಓದಿದ್ದೆ. ಸಿಐಎಫ್ ಅಂದರೆ ಸಾಮಾನಿನ ಬೆಲೆ, ಇನ್ಶೂರೆನ್ಸು, ಬಂದರಿನ ತನಕ ಹಡಗಿನ ಬಾಡಿಗೆ. ಅಷ್ಟೇ. ಹಡಗಿನಿಂದ ಇಳಿದ ಮೇಲಿನದೆಲ್ಲ ತರಿಸಿಕೊಂಡವನ ತಲೆಗೆ.

ಇನ್ನೊಂದು ಏಟು ಗೋದಾಮಿನಲ್ಲಿ ಕಾದಿತ್ತು. ಭಾವ ಟೇಪ್ ಹಿಡಿದು ಅಳೆದಾಗ ಪೆಟ್ಟಿಗೆ 1.8 ಕ್ಯೂಬಿಕ್ ಮೀಟರ್. ಬಿಲ್ಲಿನಲ್ಲಿ 3.1. ಹೋಗಿ ನೋಡಿದರೆ ಅದು ಭಾವ ಮಾಡಿಸಿದ ಪೆಟ್ಟಿಗೆಯೇ ಅಲ್ಲ! ಮರದ ಪೆಟ್ಟಿಗೆಗೆ ಹುಳ ಸಾಯುವ ಹಾಗೆ ಬಿಸಿ ಮಾಡಿ ಐಪಿಪಿಸಿ ಅನ್ನುವ ಅಂತರರಾಷ್ಟ್ರೀಯ ಸಸ್ಯರಕ್ಷಣೆ ಒಪ್ಪಂದದ ಮುದ್ರೆ ಒತ್ತಿಸಿರಬೇಕು, ಗೋಧಿ ತೆನೆಯ ಗುರುತು ಇರುತ್ತದೆ. ನಮ್ಮದಕ್ಕೆ ಇರಲಿಲ್ಲ. ನಮಗೆ ಒಂದು ಮಾತು ಹೇಳದೆ ಏಜೆಂಟ್ ಬೇರೆ ದೊಡ್ಡ ಪೆಟ್ಟಿಗೆಗೆ ತುಂಬಿಸಿದ್ದಾನೆ. ಮುಚ್ಚಳ ತೆಗೆದು ಟ್ಯಾಂಕಿನ ಪಕ್ಕ ಕೈ ಹಾಕಿದೆ. ಮೊಣಕೈ ತನಕ ಹೋಯಿತು. ಸುಮ್ನೆ ಖಾಲಿ ಜಾಗ. ಹೀಗೆ ಪಾಲಿನ ಕಂಟೇನರಿನಲ್ಲಿ ಬರುವ ಸಾಮಾನಿಗೆ ಕ್ಯೂಬಿಕ್ ಮೀಟರ್ ಅಥವಾ ಟನ್, ಯಾವುದು ಜಾಸ್ತಿಯೋ ಅದರ ಮೇಲೆ ಬಾಡಿಗೆ. ಆ ಖಾಲಿ ಜಾಗಕ್ಕೂ ನಾನೇ ಕೊಟ್ಟೆ.

ಇದನ್ನು ಕೇಳಿದ್ದಕ್ಕೆ ಉತ್ತರವಿಲ್ಲ. ಎರಡು ನೀಲಿ ಗೆರೆ ಬಿತ್ತು, ಅಷ್ಟೇ. ದಿನ ಕಳೆದ ಹಾಗೆ ಗೋದಾಮಿನ ಬಾಡಿಗೆ ಏರುತ್ತಿತ್ತು. ಐದನೇ ದಿನ ಕಟ್ಟಿ ತಂದೆ. ಈ ಲೈನಿನಲ್ಲಿರುವ ಗೆಳೆಯ ಹೇಳಿದ, ಇಲ್ಲಿ ವಸೂಲಿ ಮಾಡಿದ್ದರಲ್ಲಿ ಊರಿನ ಏಜೆಂಟರಿಗೂ ಪಾಲು ಹೋಗುವುದುಂಟು, ಅದಕ್ಕೇ ಅಂಥ ಅಗ್ಗದ ರೇಟು ಹೇಳುತ್ತಾರೆ ಅಂತ. ಭಾವನಿಗೆ ಇನ್ನೂ ಹೇಳಿಲ್ಲ. “ಟ್ಯಾಂಕ್ ಸರಿಯಾಗಿ ಕೂತಿತೇನಪ್ಪಾ?” ಅಂತ ಕೇಳಿದರು. ಕೂತಿತು ಭಾವ ಅಂದೆ.

ಕಳಿಸುವವರಿದ್ದರೆ ‘ಡಿಎಪಿ’ ಅಂತ, ನಿಮ್ಮ ಮನೆ ವಿಳಾಸ ಹಾಕಿ ಬರೆದುಕೊಡಲು ಹೇಳಿ. ಡಿಎಪಿ ಅಂದರೆ ಹೇಳಿದ ವಿಳಾಸದ ತನಕ ತಲುಪಿಸುವ ಖರ್ಚು ಅವರದು, ಸುಂಕ ತೆರಿಗೆ ಮಾತ್ರ ನಿಮ್ಮದು. ಇಳಿಯುವ ಬಂದರಿನಿಂದ ಮನೆ ತನಕದ ಖರ್ಚಿನ ಪಟ್ಟಿ ಮೊದಲೇ ಕೇಳಿ. ಕೊಡಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ. ಪೆಟ್ಟಿಗೆಗೆ ಮುದ್ರೆ ನೀವೇ ಹಾಕಿಸಿ, ಟೇಪ್ ಹಿಡಿದು ಫೋಟೋ ತೆಗೆದಿಡಿ. ನನ್ನ ಬಿಲ್ಲು, ವಾಟ್ಸಾಪ್ ಮಾತು ಎಲ್ಲಾ ಇಟ್ಟುಕೊಂಡಿದ್ದೇನೆ. ದುಡ್ಡು ಕೊಡುವ ಮೊದಲು ನೋಡಬೇಕು ಅನ್ನುವವರು ಕೇಳಿ, ಕಳಿಸುತ್ತೇನೆ.