ಚಿಯಾಂಗ್ ರಾಯ್: ಬಿಳಿ ದೇವಾಲಯಕ್ಕೆ ಒಂದು ಗಂಟೆ, ಅಫೀಮು ಭವನಕ್ಕೆ ಅರ್ಧ ದಿನ

ಉತ್ತರ ಥಾಯ್ಲೆಂಡಿನ ಚಿಯಾಂಗ್ ರಾಯ್ ಪ್ರಾಂತ್ಯವನ್ನು ನಮ್ಮವರಲ್ಲಿ ಹೆಚ್ಚಿನವರು ನೋಡುವುದು ಚಿಯಾಂಗ್ ಮಾಯ್‌ನಿಂದ ಬೆಳಗಿನ ಜಾವ ಹೊರಡುವ ವ್ಯಾನಿನಲ್ಲಿ ಕುಳಿತು. ಹೋಗಿ ಬರುವ ದಾರಿಯೇ ಆರೇಳು ಗಂಟೆ ನುಂಗುವ ಈ ಒಂದು ದಿನದ ಪ್ಯಾಕೇಜಿನಲ್ಲಿ ಬಿಳಿ ದೇವಾಲಯ, ನೀಲಿ ದೇವಾಲಯ, ಕಪ್ಪು ಮನೆ, ಸುವರ್ಣ ತ್ರಿಕೋನ, ಉದ್ದ ಕತ್ತಿನ ಹೆಂಗಸರ ಹಳ್ಳಿ ಎಲ್ಲವನ್ನೂ ತುರುಕಿರುತ್ತಾರೆ. ಪ್ರಾಂತ್ಯದ ಮುಖ್ಯ ಸ್ಥಳಗಳನ್ನು ಅವಸರವಿಲ್ಲದೆ ಸುತ್ತಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ಈ ಪ್ಯಾಕೇಜು ಹೆಚ್ಚು ಹೊತ್ತು ನಿಲ್ಲಿಸುವ ಜಾಗಗಳಲ್ಲಿ ಒಂದೆರಡು ಅಷ್ಟಕ್ಕೆ ಅರ್ಹವಲ್ಲ, ಅದು ಬಿಟ್ಟುಹೋಗುವ ಎರಡು ಜಾಗಗಳೇ ಇಲ್ಲಿಗೆ ಬರುವುದಕ್ಕೆ ನಿಜವಾದ ಕಾರಣಗಳು. ಆ ಎರಡು, ಸೊಪ್ ರುವಾಕ್ ಬಳಿಯ ಅಫೀಮು ಭವನವೆಂಬ ಸಂಗ್ರಹಾಲಯ ಮತ್ತು ದೊಯ್ ತುಂಗ್ ಬೆಟ್ಟ.

ಆದರೂ ಬಿಳಿ ದೇವಾಲಯದಿಂದಲೇ ಆರಂಭಿಸಬೇಕು, ಏಕೆಂದರೆ ಯಾರೂ ಅದನ್ನು ಬಿಟ್ಟು ಬರುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ನಗರದಿಂದ ಸುಮಾರು ಹದಿಮೂರು ಕಿಲೋಮೀಟರ್ ದೂರದಲ್ಲಿರುವ ವಾಟ್ ರೊಂಗ್ ಖುನ್ ಪುರಾತನ ದೇಗುಲವಲ್ಲ. ಅದೇ ಊರಿನಲ್ಲಿ 1955ರಲ್ಲಿ ಹುಟ್ಟಿದ ಚಿತ್ರಕಾರ ಚಲೆರ್ಮ್‌ಚಾಯ್ ಕೊಸಿತ್‌ಪಿಪತ್ ಶಿಥಿಲವಾಗಿದ್ದ ಊರ ಗುಡಿಯನ್ನು ತಮ್ಮ ಹಣದಿಂದಲೇ ಹೊಸದಾಗಿ ಕಟ್ಟಲು ತೊಡಗಿದ್ದು 1997ರಲ್ಲಿ. ಕೆಲಸ ಇನ್ನೂ ನಡೆಯುತ್ತಲೇ ಇದೆ, ಪೂರ್ತಿಯಾಗಲು 2070 ಆಗಬಹುದೆಂದು ಹೇಳುತ್ತಾರೆ. ದೊಡ್ಡ ದಾನಿಗಳು ತಮ್ಮ ಕೆಲಸದಲ್ಲಿ ಮೂಗು ತೂರಿಸಬಾರದೆಂದು ಅವರು ಒಬ್ಬರಿಂದ ಹತ್ತು ಸಾವಿರ ಬಾತ್‌ಗಿಂತ ಹೆಚ್ಚಿನ ಕಾಣಿಕೆಯನ್ನು ಸ್ವೀಕರಿಸುವುದಿಲ್ಲ ಎಂಬ ನಿಯಮ ಮಾಡಿಕೊಂಡರು. ನಮ್ಮ ದೇವಸ್ಥಾನಗಳ ಗೋಡೆಗಳ ಮೇಲೆ ಟ್ಯೂಬ್‌ಲೈಟಿನವರೆಗೂ ದಾನಿಗಳ ಹೆಸರು ಬರೆಸಿರುವುದನ್ನು ನೋಡಿ ಬೆಳೆದವರಿಗೆ ಈ ನಿಯಮದ ಮಹತ್ವ ಬೇಗ ಅರ್ಥವಾದೀತು.

ದೂರದಿಂದ ಇಡೀ ಕಟ್ಟಡ ಒಂದೇ ಬಿಳುಪಾಗಿ ಕಂಡರೂ ಹತ್ತಿರ ಹೋದಾಗ ಗಾರೆಯಲ್ಲಿ ಎರಕವಾದ ಜ್ವಾಲೆಗಳು, ನಾಗಗಳು, ಎಲೆಗಳ ಅಂಚಿನಲ್ಲೆಲ್ಲ ಸಣ್ಣ ಸಣ್ಣ ಕನ್ನಡಿ ಚೂರುಗಳನ್ನು ಕೂರಿಸಿರುವುದು ಗೊತ್ತಾಗುತ್ತದೆ. ಹೊಳಪು ಬರುವುದು ಬಣ್ಣದಿಂದಲ್ಲ, ಅವುಗಳಿಂದ. ಗರ್ಭಗೃಹಕ್ಕೆ ಹೋಗುವ ಸೇತುವೆಯ ಕೆಳಗೆ ತಗ್ಗಿನಲ್ಲಿ ನೂರಾರು ಕೈಗಳು ಮೇಲಕ್ಕೆ ಚಾಚಿಕೊಂಡಿವೆ. ಕೆಲವು ಭಿಕ್ಷಾಪಾತ್ರೆ ಹಿಡಿದಿವೆ, ಕೆಲವು ಬರಿದೇ ಬೆರಳು ಅಗಲಿಸಿವೆ, ಆ ಇಡೀ ಬಿಳಿಯ ನಡುವೆ ಒಂದೇ ಒಂದು ಉಗುರಿಗೆ ಕೆಂಪು ಬಣ್ಣ ಹಚ್ಚಿದ್ದಾರೆ. ಆಸೆಯ ಹಳ್ಳವನ್ನು ದಾಟಿ ಮುಂದೆ ಹೋಗಬೇಕೆಂಬುದು ಆಶಯವಾದ್ದರಿಂದ ಸೇತುವೆಯ ಮೇಲೆ ಹಿಂದಕ್ಕೆ ಬರುವಂತಿಲ್ಲ. ಫೋಟೋಗಾಗಿ ನಿಂತವರನ್ನು ಮುಂದೆ ಸಾಗಿ ಎಂದು ಧ್ವನಿವರ್ಧಕದಲ್ಲಿ ತಾಕೀತು ಮಾಡುತ್ತಲೇ ಇರುತ್ತಾರೆ. ನಿರ್ವಾಣದ ಕಡೆಗೆ ಇಷ್ಟು ಅವಸರದಲ್ಲಿ ಅಟ್ಟಿಸಿಕೊಂಡು ಹೋಗುವ ಅನುಭವ ಬೇರೆಲ್ಲೂ ಸಿಕ್ಕಲಾರದು. ಒಳಗೆ ಫೋಟೋ ತೆಗೆಯುವಂತಿಲ್ಲ, ಅದೇ ಒಳ್ಳೆಯದಾಯಿತು. ಬುದ್ಧನ ಎದುರು ಗೋಡೆಯ ಭಿತ್ತಿಚಿತ್ರದಲ್ಲಿ, ಬುದ್ಧನನ್ನು ಮರುಳುಮಾಡಲು ಬಂದ ಮಾರನ ಮುಖದ ಸುತ್ತ ನ್ಯೂಯಾರ್ಕಿನ ಅವಳಿ ಗೋಪುರಗಳ ಮೇಲಿನ ದಾಳಿ, ಸ್ಪೈಡರ್‌ಮ್ಯಾನ್, ಸೂಪರ್‌ಮ್ಯಾನ್ ಮುಂತಾದ ನಮ್ಮ ಕಾಲದ ಮೂರ್ತಿಗಳೆಲ್ಲ ಇವೆ. ಮೊಬೈಲು ಕೆಳಗಿಟ್ಟಿದ್ದರಿಂದಲೇ ಜನ ಅವನ್ನು ನಿಂತು ನೋಡುತ್ತಾರೆ.

2014ರ ಮೇ 5ರಂದು ಪ್ರಾಂತ್ಯದಲ್ಲಿ ಭೂಕಂಪವಾದಾಗ ಈ ದೇವಾಲಯಕ್ಕೆ ಪೆಟ್ಟು ಬಿತ್ತು. ಮನಸ್ಸು ಕಹಿಯಾದ ಚಲೆರ್ಮ್‌ಚಾಯ್ ಮೊದಲು ಅದನ್ನು ಕೆಡವಿಬಿಡುವ ಮಾತಾಡಿ, ಬಳಿಕ ಕಟ್ಟಡದ ಬುನಾದಿ ಗಟ್ಟಿಯಾಗಿದೆಯೆಂದು ತಿಳಿದ ಮೇಲೆ ದುರಸ್ತಿಗೆ ಇಳಿದರು. ಇದನ್ನು ಹೇಳಬೇಕಾದ ಕಾರಣವೆಂದರೆ, ಇದು ಒಬ್ಬ ಮನುಷ್ಯನ ಹಟ ಮತ್ತು ಕಲ್ಪನೆ ಎರಡೂ ಸೇರಿ ಆದ ಕಟ್ಟಡ. ಬೇಲೂರು, ಹಳೆಬೀಡಿನ ಕಣ್ಣು ಹೊತ್ತುಕೊಂಡು ಬಂದು ಇಲ್ಲಿ ಶಿಲ್ಪದ ಸೂಕ್ಷ್ಮವನ್ನು ಹುಡುಕಿದರೆ ನಿರಾಸೆಯಾಗುತ್ತದೆ. ಇಲ್ಲಿರುವುದು ಎರಕದ ಕೆಲಸ, ಒಂದೇ ಅಚ್ಚು ಮತ್ತೆ ಮತ್ತೆ ಬರುತ್ತದೆ. ಒಂದು ಗಂಟೆ ಸಾಕು. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋದರೆ ಪ್ರವಾಸಿ ಬಸ್ಸುಗಳಿಗಿಂತ ಮೊದಲು ಮುಗಿಸಬಹುದು. ಭುಜ ಮತ್ತು ಮಂಡಿ ಮುಚ್ಚುವ ಉಡುಪು ಕಡ್ಡಾಯ. ಥಾಯ್ ಪ್ರಜೆಗಳಿಗೆ ಪ್ರವೇಶ ಉಚಿತ, ನಮಗೆ ಟಿಕೆಟ್ಟಿದೆ.

ನೀಲಿ ದೇವಾಲಯ, ಅಂದರೆ ವಾಟ್ ರೊಂಗ್ ಸುವಾ ತೆನ್, ಚಲೆರ್ಮ್‌ಚಾಯ್ ಅವರ ಶಿಷ್ಯನ ಕೈಕೆಲಸ. 2005ರಲ್ಲಿ ಆರಂಭವಾಗಿ 2016ರಲ್ಲಿ ಮುಖ್ಯ ಭವನ ಮುಗಿಯಿತು. ಕಡು ನೀಲಿ ಗೋಡೆಗಳ ನಡುವೆ ದೊಡ್ಡ ಬಿಳಿ ಬುದ್ಧನನ್ನು ಕೂರಿಸಿರುವ ಒಳಾಂಗಣ ಚೆನ್ನಾಗಿದೆ, ಪ್ರವೇಶಕ್ಕೆ ಹಣವಿಲ್ಲ, ಅರ್ಧ ಗಂಟೆಯಲ್ಲಿ ನೋಡಿ ಮುಗಿಯುತ್ತದೆ. ಹೊರಗೆ ಶಂಖಪುಷ್ಪದಿಂದ ನೀಲಿ ಮಾಡಿದ ತೆಂಗಿನ ಹಾಲಿನ ಐಸ್‌ಕ್ರೀಮ್ ಮಾರುತ್ತಾರೆ. ಬಣ್ಣಕ್ಕಿಂತ ರುಚಿ ಕಡಿಮೆ.

ಇವೆರಡಕ್ಕಿಂತ ನನಗೆ ಹಿಡಿಸಿದ್ದು ನಗರದ ಉತ್ತರಕ್ಕಿರುವ ಬಾನ್ ದಾಮ್, ಎಲ್ಲರೂ ಕಪ್ಪು ಮನೆ ಎನ್ನುವ ಜಾಗ. ಹೆಸರು ಮನೆಯಾದರೂ ಅದು ಸುಮಾರು ನಲವತ್ತು ಕಟ್ಟಡಗಳ ಒಂದು ಆವರಣ. ಚಿತ್ರಕಾರ ಥವನ್ ದಚನೀ (1939–2014) ಹಲವು ದಶಕಗಳಲ್ಲಿ ಕಟ್ಟಿ ತುಂಬಿದ್ದು. ಮುಖ್ಯ ಭವನದ ತೇಗದ ಕಂಬಗಳ ನಡುವೆ ಉದ್ದನೆಯ ಮರದ ಮೇಜಿದೆ, ಮೇಜಿನ ಮೇಲೆ ಹಾಸುಬಟ್ಟೆಯ ಬದಲು ಉದ್ದಕ್ಕೂ ಹೆಬ್ಬಾವಿನ ಚರ್ಮ, ಪಕ್ಕದಲ್ಲಿ ಎಮ್ಮೆಯ ಕೊಂಬುಗಳನ್ನೇ ಬೆನ್ನಿಗೂ ತೋಳಿಗೂ ಜೋಡಿಸಿ ಮಾಡಿದ ಕುರ್ಚಿಗಳು. ತಲೆಬುರುಡೆ, ಚಿಪ್ಪು, ಮೊಸಳೆ ಚರ್ಮ, ಗಂಟೆ, ದೋಣಿ ಎಲ್ಲವನ್ನೂ ಸಂಗ್ರಹಾಲಯದ ಫಲಕಗಳಿಲ್ಲದೆ ಸುಮ್ಮನೆ ಇಟ್ಟಿದ್ದಾರೆ. ಇದನ್ನು ನರಕ, ಬಿಳಿ ದೇವಾಲಯವನ್ನು ಸ್ವರ್ಗ ಎಂದು ಮಾರ್ಗದರ್ಶಿಗಳು ಜೋಡಿಸಿ ಹೇಳುತ್ತಾರೆ. ಕೇಳಲು ಸೊಗಸಾದರೂ ನೋಡುವವನಿಗೆ ಅದರಿಂದ ಉಪಯೋಗವಿಲ್ಲ. ಬಿಳಿ ದೇವಾಲಯ ನಿಮಗೆ ಏನನ್ನೋ ಬೋಧಿಸಲು ಹೊರಟಿದೆ, ಕಪ್ಪು ಮನೆಗೆ ಆ ಉಸಾಬರಿಯೇ ಇಲ್ಲ. ಪ್ರಾಣಿಗಳ ಚರ್ಮ, ಎಲುಬುಗಳನ್ನು ಕಂಡರೆ ಆಗದವರು ಮತ್ತು ಚಿಕ್ಕ ಮಕ್ಕಳಿರುವವರು ಮಾತ್ರ ಯೋಚಿಸಿ ಹೋಗಬೇಕು.

ನಗರದೊಳಗೆ ವಾಟ್ ಫ್ರಾ ಕೇವ್ ನೋಡಬೇಕು. 1434ರಲ್ಲಿ ಸಿಡಿಲು ಬಡಿದು ಅಲ್ಲಿನ ಸ್ತೂಪ ಒಡೆದಾಗ ಹೊರಬಂದಿತೆಂದು ಹೇಳುವ ಪಚ್ಚೆ ಬುದ್ಧನೇ ಈಗ ಬ್ಯಾಂಕಾಕಿನ ಅರಮನೆ ಆವರಣದಲ್ಲಿರುವ ಮೂರ್ತಿ. ಇಲ್ಲಿ ಜೇಡ್ ಶಿಲೆಯ ಪ್ರತಿಕೃತಿಯಿದೆ. ರಾತ್ರಿ ಬಜಾರು, ಬಣ್ಣ ಬದಲಿಸುವ ಗಡಿಯಾರ ಗೋಪುರ ಊಟದ ಮೊದಲೋ ಆಮೇಲೋ ಒಂದು ಸುತ್ತು ಹಾಕುವಷ್ಟು ಇವೆ.

ಇನ್ನು ಸುವರ್ಣ ತ್ರಿಕೋನ. ರುವಾಕ್ ನದಿ ಮೆಕಾಂಗ್ ಸೇರುವ ಸೊಪ್ ರುವಾಕ್‌ನಲ್ಲಿ ನಿಂತರೆ ಮಯನ್ಮಾರ್ ಮತ್ತು ಲಾವೋಸ್ ಎರಡೂ ಎದುರಿಗೆ ಕಾಣುತ್ತವೆ. ಕಾಣುವುದು ಅಷ್ಟೇ: ಕೆಂಚು ನೀರು, ದೊಡ್ಡ ನಾಮಫಲಕ, ದೋಣಿಯಾಕಾರದ ಕಟ್ಟೆಯ ಮೇಲೆ ಕುಳಿತ ಚಿನ್ನದ ಬಣ್ಣದ ಬುದ್ಧ, ಆಚೆ ದಡದಲ್ಲಿ ಲಾವೋಸಿನ ಕ್ಯಾಸಿನೊ ಕಟ್ಟಡಗಳು. ಫೋಟೋ ತೆಗೆದುಕೊಂಡು, ದೋಣಿಯಲ್ಲಿ ಒಂದು ಸುತ್ತು ಹಾಕಿ, ಅಂಗಡಿ ಸಾಲಿನಲ್ಲಿ ಫ್ರಿಜ್ ಮ್ಯಾಗ್ನೆಟ್ ಕೊಳ್ಳುವಷ್ಟರಲ್ಲಿ ವ್ಯಾನಿನವರು ಹಾರ್ನ್ ಬಾರಿಸುತ್ತಾರೆ. ಈ ಜಾಗಕ್ಕೆ ಹೆಸರು ಬಂದದ್ದು ಯಾವುದರಿಂದ ಎಂಬುದನ್ನು ತಿಳಿಯಬೇಕಾದರೆ ಅಲ್ಲಿಂದ ಸ್ವಲ್ಪವೇ ದೂರದಲ್ಲಿರುವ ಅಫೀಮು ಭವನಕ್ಕೆ ಹೋಗಬೇಕು, ಪ್ಯಾಕೇಜಿನಲ್ಲಿ ಇಲ್ಲದ್ದು ಅದೇ. ನದಿ ದಡದ ರಸ್ತೆಯಲ್ಲಿರುವ ಚಿಕ್ಕ ಖಾಸಗಿ ಸಂಗ್ರಹಾಲಯ ಬೇರೆ, ಇದು ಬೇರೆ. ಆಟೋದವರಿಗೆ ಹೇಳುವಾಗ ಮೇ ಫಾ ಲುವಾಂಗ್ ಪ್ರತಿಷ್ಠಾನದ ದೊಡ್ಡ ಭವನ ಎಂದು ಬಿಡಿಸಿ ಹೇಳಬೇಕು.

ಒಳಗೆ ಹೋಗುವುದೇ ಬೆಟ್ಟವನ್ನು ಕೊರೆದ ಒಂದು ಉದ್ದನೆಯ ಕತ್ತಲೆಯ ಸುರಂಗದ ಮೂಲಕ. ಎರಡೂ ಗೋಡೆಗಳಲ್ಲಿ ನರಳುವ ಮುಖಗಳು, ತಿರುಚಿದ ಮೈಗಳು ಅರ್ಧ ಹೊರಬಂದಂತೆ ಕೆತ್ತಲ್ಪಟ್ಟಿವೆ. ದೀಪ ಎಷ್ಟು ಮಂದವೆಂದರೆ ಪಕ್ಕಕ್ಕೆ ಬಂದಾಗಲೇ ಅದು ಮುಖವೆಂದು ತಿಳಿಯುವುದು. ಸುರಂಗ ಮುಗಿದ ಕೂಡಲೇ ಬೆಳಕು, ಗಸಗಸೆ ಗಿಡಗಳ ವಿವರ. ನಾವು ಹಬ್ಬದ ದಿನ ಪಾಯಸ ಮಾಡುವ ಗಸಗಸೆ ಬಲಿಯುವ ಕಾಯಿಯ ಸಿಪ್ಪೆಯನ್ನು ಹಸಿಯಿದ್ದಾಗ ಗೀರಿದರೆ ಒಸರುವ ಹಾಲೇ ಅಫೀಮು, ಬೀಜದಲ್ಲಿ ಅಮಲಿಲ್ಲ, ಹಾಲಿನಲ್ಲಿದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ವಿವರಿಸಿದ ಪ್ರದರ್ಶನವನ್ನು ನಾನು ಬೇರೆಡೆ ಕಂಡಿಲ್ಲ.

ಅಲ್ಲಿಂದ ಮುಂದಿನ ಕೋಣೆಗಳು ನಮ್ಮ ದೇಶದ ಕತೆಯೂ ಹೌದು. ಚೀನಾದ ಚಹಾಕ್ಕೆ ಬೆಳ್ಳಿ ತೆತ್ತು ತೆತ್ತು ಸಾಕಾದ ಬ್ರಿಟಿಷರು ಬಿಹಾರ ಮತ್ತು ಬನಾರಸಿನ ರೈತರಿಂದ ಗಸಗಸೆ ಬೆಳೆಸಿ, ಈಸ್ಟ್ ಇಂಡಿಯಾ ಕಂಪನಿಯ ಕಾರ್ಖಾನೆಗಳಲ್ಲಿ ಉಂಡೆ ಕಟ್ಟಿಸಿ, ಕಲ್ಕತ್ತೆಯಲ್ಲಿ ಹರಾಜು ಹಾಕಿ, ಖಾಸಗಿ ವರ್ತಕರ ಹಡಗುಗಳಲ್ಲಿ ಕ್ಯಾಂಟನ್ನಿಗೆ ಕಳಿಸುತ್ತಿದ್ದರು. ಚೀನಾ ತಡೆಯಲು ಹೋದಾಗ 1839ರಲ್ಲಿ ಮೊದಲನೆಯ ಅಫೀಮು ಯುದ್ಧವಾಯಿತು, 1856ರಲ್ಲಿ ಎರಡನೆಯದು. ಶಾಲೆಯ ಪಾಠದಲ್ಲಿ ಈ ವ್ಯಾಪಾರಕ್ಕೆ ಸಿಕ್ಕಿದ್ದು ಒಂದೆರಡು ಸಾಲು. ಇಲ್ಲಿ ಹಡಗಿನ ಒಡಲಿನ ಮಾದರಿಯೊಳಗೆ ಪೆಟ್ಟಿಗೆಗಳ ಸಾಲಿನ ನಡುವೆ ನಿಂತು ಓದುವಾಗ, ಪೆಟ್ಟಿಗೆಗಳು ಎಲ್ಲಿಂದ ಬಂದವೆಂಬ ಪ್ರಶ್ನೆ ಬೇರೆಯೇ ರೀತಿಯಲ್ಲಿ ತಟ್ಟುತ್ತದೆ. ಆಮೇಲೆ ಸಯಾಮಿನಲ್ಲಿ, ಅಂದರೆ ಅಂದಿನ ಥಾಯ್ಲೆಂಡಿನಲ್ಲಿ, ಸರಕಾರವೇ ಅನುಮತಿ ಕೊಟ್ಟಿದ್ದ ಅಫೀಮು ಅಂಗಡಿಗಳು, ಸೇದುವ ಕೊಳವೆಗಳು, ಪಿಂಗಾಣಿಯ ತಲೆದಿಂಬುಗಳು, ಹೆರಾಯಿನ್, ಇಂದಿನ ಕೃತಕ ಮಾದಕಗಳು, ವ್ಯಸನಿಗಳ ಜೀವನಗಳು ಬರುತ್ತವೆ. ನೀತಿಬೋಧೆಯ ಧಾಟಿ ಕೊನೆಯ ಕೋಣೆಗಳಲ್ಲಿ ಸ್ವಲ್ಪ ಏರುತ್ತದೆ, ಓದಬೇಕಾದ ಬರಹ ಬಹಳವಾಯಿತೆಂದೂ ಅನ್ನಿಸಬಹುದು. ಆದರೆ ಎಲ್ಲ ಫಲಕಗಳೂ ಇಂಗ್ಲಿಷಿನಲ್ಲಿಯೂ ಇವೆ, ಬೆಳಕು ಮತ್ತು ಧ್ವನಿಯ ಬಳಕೆಯಲ್ಲಿ ಅಚ್ಚುಕಟ್ಟಿದೆ, ಗದ್ದಲವಿಲ್ಲ. ಎರಡು ಗಂಟೆಯೆಂದು ಹೋದರೆ ಮೂರಾಗುತ್ತದೆ.

ಅಫೀಮು ಭವನ ಪ್ರಶ್ನೆಯಾದರೆ ದೊಯ್ ತುಂಗ್ ಅದಕ್ಕೆ ಕೊಟ್ಟ ಉತ್ತರ, ಹಾಗಾಗಿ ಎರಡನ್ನೂ ಈ ಕ್ರಮದಲ್ಲೇ ನೋಡುವುದು ಒಳ್ಳೆಯದು. ಮಯನ್ಮಾರ್ ಗಡಿಯಂಚಿನ ಈ ಬೆಟ್ಟಗಳು ಒಂದು ಕಾಲದಲ್ಲಿ ಕಾಡು ಕಡಿದು ಸುಟ್ಟು ಗಸಗಸೆ ಬೆಳೆಯುತ್ತಿದ್ದ ಬೋಳು ಇಳಿಜಾರುಗಳಾಗಿದ್ದವು. ದೊರೆ ಭೂಮಿಬೋಲರ ತಾಯಿ ರಾಜಮಾತೆ ಶ್ರೀನಗರಿಂದ್ರಾ 1988ರಲ್ಲಿ, ತಮ್ಮ ಎಂಬತ್ತೇಳು ದಾಟಿದ ವಯಸ್ಸಿನಲ್ಲಿ, ಇಲ್ಲಿ ಅಭಿವೃದ್ಧಿ ಯೋಜನೆ ಆರಂಭಿಸಿದರು. ಅಖಾ, ಲಾಹು ಮುಂತಾದ ಬುಡಕಟ್ಟುಗಳ ಜನರಿಗೆ ಗಸಗಸೆಯ ಬದಲು ಕಾಫಿ ಮತ್ತು ಮಕಾಡಮಿಯಾ ಬೆಳೆ, ಕಾಡು ನೆಡುವ ಕೂಲಿ, ನೇಯ್ಗೆ, ಕುಂಬಾರಿಕೆ, ಕಾಗದ ತಯಾರಿಕೆಯ ಕೆಲಸ ಸಿಕ್ಕಿತು. ರಾಜಮಾತೆ ನೆಲೆಸಿದ್ದ ಬಂಗಲೆ ಸ್ವಿಸ್ ಮನೆ ಮತ್ತು ಉತ್ತರ ಥಾಯ್ಲೆಂಡಿನ ಲಾನ್ನಾ ಶೈಲಿ ಬೆರೆತ ಮರದ ಕಟ್ಟಡ. ಪಡಸಾಲೆಯ ಚಾವಣಿಯಲ್ಲಿ ಅವರು ಹುಟ್ಟಿದ ದಿನದ ನಕ್ಷತ್ರಮಂಡಲವನ್ನು ಕೆತ್ತಿದ್ದಾರೆ. ಅರಮನೆ ಎಂದುಕೊಂಡು ಹೋದವರಿಗೆ ಅದರ ಸರಳತೆಯೇ ಆಶ್ಚರ್ಯ. ಕೆಳಗಿನ ಮೇ ಫಾ ಲುವಾಂಗ್ ಉದ್ಯಾನ ನಮ್ಮ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ವರ್ಷವಿಡೀ ನಡೆದಂತಿದೆ. ನಡುವೆ ಮಕ್ಕಳು ಒಬ್ಬರ ಮೇಲೊಬ್ಬರು ನಿಂತ ಶಿಲ್ಪವಿದೆ. ಹೂವಿನಲ್ಲಿ ಆಸಕ್ತಿಯಿಲ್ಲದವರು ಕಾಫಿ ಕುಡಿಯುತ್ತ ಕೂರಬಹುದು, ಚಿಕ್ಕಮಗಳೂರು, ಕೊಡಗಿನವರು ಅಲ್ಲಿನ ಅರೇಬಿಕಾವನ್ನು ತಮ್ಮದರ ಜೊತೆ ಹೋಲಿಸದೆ ಬಿಡಲಾರರು. ಚಿಕೋರಿ ಬೆರೆಸದ ತೆಳು ಕಾಫಿ, ನಮ್ಮ ನಾಲಗೆಗೆ ಹುಳಿ ಸ್ವಲ್ಪ ಮುಂದು. ಇಡೀ ಬೆಟ್ಟವನ್ನು ತೋರಿಸುವ ರೀತಿಯಲ್ಲಿ ರಾಜಮನೆತನದ ಸ್ತುತಿ ಧಾರಾಳವಾಗಿದೆ, ಅದನ್ನು ಕಳೆದು ನೋಡಿದರೂ ಎದುರಿಗಿರುವ ಕಾಡು ಸುಳ್ಳಲ್ಲ.

ಮೇ ಸಲೊಂಗ್ ಇದೇ ಕತೆಯ ಇನ್ನೊಂದು ತುಣುಕು: 1949ರ ಕ್ರಾಂತಿಯ ನಂತರ ಚೀನಾದಿಂದ ಬರ್ಮಾಕ್ಕೆ, ಅಲ್ಲಿಂದ ಇಲ್ಲಿಗೆ ಬಂದ, ಕಮ್ಯುನಿಸ್ಟರಿಗೆ ಸೋತ ಕೌಮಿಂಟಾಂಗ್ ಪಕ್ಷದ ಸೈನಿಕರ ಊರು, ಅಫೀಮಿನಿಂದ ಊಲಾಂಗ್ ಚಹಾಕ್ಕೆ ತಿರುಗಿದ್ದು. ಚಹಾ ತೋಟಗಳು ನೀಲಗಿರಿ ಕಂಡವರಿಗೆ ಹೊಸದಲ್ಲ, ಬೆಳಗಿನ ಸಂತೆ ಮತ್ತು ಯುನ್ನಾನಿನ ಊಟಕ್ಕಾಗಿ ರಾತ್ರಿ ತಂಗಬಹುದು. ಮೇ ಸಾಯ್ ಬಳಿಯ ಥಾಮ್ ಲುವಾಂಗ್ ಗುಹೆಯಲ್ಲಿ 2018ರ ಜೂನ್ 23ರಂದು ಸಿಕ್ಕಿಬಿದ್ದ ಹನ್ನೆರಡು ಹುಡುಗರು ಮತ್ತು ಅವರ ತರಬೇತುದಾರನನ್ನು ಜುಲೈ 10ರ ಹೊತ್ತಿಗೆ ಹೊರತಂದ ಕಾರ್ಯಾಚರಣೆ ಎಲ್ಲರಿಗೂ ನೆನಪಿರುತ್ತದೆ. ನೀರು ಖಾಲಿ ಮಾಡುವ ಕೆಲಸಕ್ಕೆ ಸಲಹೆ ನೀಡಲು ಭಾರತದಿಂದ ಕಿರ್ಲೋಸ್ಕರ್ ಬ್ರದರ್ಸ್ ಕಂಪನಿಯ ತಜ್ಞರು ಹೋಗಿದ್ದರು ಎಂಬುದು ಕಡಿಮೆ ಜನರಿಗೆ ಗೊತ್ತು. ಅಲ್ಲಿ ಪ್ರಾಣ ಕೊಟ್ಟ ಮುಳುಗುಗಾರ ಸಮನ್ ಕುನನ್ ಅವರ ಪ್ರತಿಮೆ ಇದೆ. ಮಳೆಗಾಲದಲ್ಲಿ ಗುಹೆಯೊಳಗೆ ಬಿಡುವುದಿಲ್ಲ.

ಉದ್ದ ಕತ್ತಿನ ಕಯಾನ್ ಹೆಂಗಸರ ಹಳ್ಳಿಗೆ ಹೋಗಬೇಡಿ ಎಂದೇ ಹೇಳುತ್ತೇನೆ. ಮಯನ್ಮಾರಿನ ಕಲಹದಿಂದ ಓಡಿಬಂದ ಜನರನ್ನು ಟಿಕೆಟ್ ಪಡೆದು ತೋರಿಸುವ ಏರ್ಪಾಡು ಅದು. ಹಿತ್ತಾಳೆಯ ಸುರುಳಿ ಕತ್ತನ್ನು ಉದ್ದ ಮಾಡುವುದಿಲ್ಲ, ಹೆಗಲೆಲುಬನ್ನು ಕೆಳಕ್ಕೆ ಒತ್ತುತ್ತದೆ. ಅವರು ನೇಯ್ದ ಬಟ್ಟೆ ಕೊಂಡರೆ ಒಳ್ಳೆಯದಲ್ಲವೇ ಎಂದು ಏಜೆಂಟರು ವಾದಿಸುತ್ತಾರೆ. ಬಟ್ಟೆ ಕೊಳ್ಳಲು ಕತ್ತಿನ ಪ್ರದರ್ಶನ ಬೇಕಿಲ್ಲ, ದೊಯ್ ತುಂಗ್‌ನ ಅಂಗಡಿಯಲ್ಲಿ ಬುಡಕಟ್ಟಿನವರ ನೇಯ್ಗೆ ಸಿಗುತ್ತದೆ.

ಊಟದ ಮಾತು ಸಸ್ಯಾಹಾರಿಗಳಿಗೆ ಮುಖ್ಯ. ಈ ಪ್ರಾಂತ್ಯದ ಹೆಮ್ಮೆಯ ನಾಮ್ ನ್ಗಿಯಾವ್ ಶ್ಯಾವಿಗೆ ಸಾರಿಗೆ ಒಣಗಿಸಿದ ಬೂರುಗದ ಹೂವನ್ನು ಹಾಕುತ್ತಾರೆಂದು ಕೇಳಿ ಆಸೆಪಟ್ಟರೆ, ಅದರಲ್ಲಿ ಹಂದಿಮಾಂಸ ಮತ್ತು ರಕ್ತದ ತುಂಡುಗಳೂ ಇರುತ್ತವೆ. ಮಾಂಸ ಬೇಡವೆಂದಷ್ಟೇ ಹೇಳಿದರೆ ಮೀನಿನ ಸಾಸ್ ಬಂದೇ ಬರುತ್ತದೆ. ‘ಜೇ’ ಎಂದು ಹೇಳಬೇಕು. ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ ಅದನ್ನು ಬರೆದಿರುವ ಅಂಗಡಿಗಳಲ್ಲಿ ಮಾಂಸ, ಮೊಟ್ಟೆ, ಮೀನು ಜೊತೆಗೆ ಬೆಳ್ಳುಳ್ಳಿಯೂ ಇರುವುದಿಲ್ಲ.

ಕಾಲದ ಆಯ್ಕೆಯಲ್ಲಿ ಎಡವಿದರೆ ಮೇಲೆ ಹೇಳಿದ್ದೆಲ್ಲ ವ್ಯರ್ಥ. ನವೆಂಬರಿನಿಂದ ಜನವರಿಯವರೆಗೆ ಹವೆ ತಂಪು, ಬೆಟ್ಟಗಳ ಮೇಲೆ ಚಳಿಯೇ ಇರುತ್ತದೆ. ಫೆಬ್ರುವರಿ ಕಳೆಯುವಷ್ಟರಲ್ಲಿ ಹೊಲ, ಕಾಡುಗಳಿಗೆ ಬೆಂಕಿ ಬಿದ್ದು ಏಪ್ರಿಲ್‌ವರೆಗೆ ಹೊಗೆ ಕವಿಯುತ್ತದೆ. ದೊಯ್ ತುಂಗ್‌ನಿಂದ ಎದುರು ಬೆಟ್ಟವೂ ಕಾಣುವುದಿಲ್ಲ, ಉಬ್ಬಸವಿರುವವರು ಬರಲೇಬಾರದು. ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ನೇರ ವಿಮಾನವಿದೆ, ಅಲ್ಲಿಂದ ಚಿಯಾಂಗ್ ರಾಯ್‌ಗೆ ಒಂದೂವರೆ ಗಂಟೆಯೊಳಗಿನ ಹಾರಾಟ. ಚಿಯಾಂಗ್ ಮಾಯ್‌ನಿಂದಾದರೆ ಬಸ್ಸು. ನಗರದಲ್ಲಿ ತಂಗಿ, ದೇವಾಲಯಗಳಿಗೂ ಕಪ್ಪು ಮನೆಗೂ ಒಂದು ದಿನ, ಅಫೀಮು ಭವನ ಮತ್ತು ಅದರ ಹತ್ತಿರದ ಊರು ಚಿಯಾಂಗ್ ಸೇನ್‌ನ ಹಳೆಯ ಸ್ತೂಪಗಳಿಗೆ ಒಂದು ದಿನ, ದೊಯ್ ತುಂಗ್‌ಗೆ ಇನ್ನೊಂದು ದಿನ ಇಟ್ಟುಕೊಂಡು ಕಾರು ಗೊತ್ತುಮಾಡುವುದು ಸರಿ. ಸೋಮವಾರ ಅಫೀಮು ಭವನಕ್ಕೆ ರಜೆ, ಆ ದಿನವನ್ನು ದೇವಾಲಯಗಳಿಗೆ ಇಟ್ಟುಕೊಳ್ಳಿ.