ಏಳೂವರೆಗೆ ರಿಮೋಟ್ ಯಾರ ಕೈಗೆ? ಆರ್‌ಸಿಬಿ, ಬುಲ್ಸ್, ಬಿಎಫ್‌ಸಿ, ಜೊತೆಗೆ ನಮ್ಮ ಧಾರಾವಾಹಿಗಳು

ಕ್ರಿಕೆಟ್‌ಗೆ ಆರ್‌ಸಿಬಿ, ಕಬಡ್ಡಿಗೆ ಬುಲ್ಸ್, ಫುಟ್‌ಬಾಲ್‌ಗೆ ಬಿಎಫ್‌ಸಿ ಅಂದರೆ ಬೆಂಗಳೂರು ಎಫ್‌ಸಿ: ಬೆಂಗಳೂರಿನ ಈ ಮೂರು ತಂಡಗಳ ಆಟವೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬರುತ್ತದೆ. ಐಪಿಎಲ್ ಏಳೂವರೆಗೆ, ಫುಟ್‌ಬಾಲ್ ಬಹುಪಾಲು ಏಳೂವರೆಗೆ, ಕಬಡ್ಡಿ ಎಂಟರ ಆಸುಪಾಸು. ಕನ್ನಡ ಧಾರಾವಾಹಿಗಳಿಗೂ ಅದೇ ಹೊತ್ತು ಬೇಕು. ನಮ್ಮನೆಯಲ್ಲಿರುವುದು ಒಂದೇ ಟಿವಿ. ಅತ್ತೆಗೆ ಧಾರಾವಾಹಿ, ನನಗೆ ಆಟ, ಮಗಳಿಗೆ ಎಲ್ಲಿ ಗಲಾಟೆ ಜಾಸ್ತಿಯೋ ಅದು. ನಮ್ಮ ಯಜಮಾನರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೂಲೆಯಲ್ಲಿ ಕೂರುತ್ತಾರೆ, ಅವರನ್ನು ಲೆಕ್ಕಕ್ಕೆ ತಗೊಳ್ಳುವುದು ಬೇಡ.

ಮೊಬೈಲ್‌ನಲ್ಲಿ ನೋಡಬಹುದಲ್ಲಾ ಅಂತೀರಿ. ನೋಡಬಹುದು. ಆದರೆ ಪಕ್ಕದ ಮನೆಯವರು ಟಿವಿ ನೋಡಿ ‘ಹೋ’ ಅಂತ ಕಿರುಚಿದಾಗ ನನ್ನ ಮೊಬೈಲ್‌ನಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿರುತ್ತಾನೆ. ಸಿಕ್ಸೋ ಔಟೋ ಅಂತ ಗೋಡೆಯಾಚೆಯಿಂದಲೇ ಗೊತ್ತಾದ ಮೇಲೆ ನೋಡುವುದಕ್ಕೇನಿದೆ?

ಹಾಗಾಗಿ ಒಂದು ಟಿವಿಗೆ ಯಾವುದು ಲಾಯಕ್ಕು ಅಂತ ನಾನೇ ತೂಗಿ ನೋಡಿದ್ದೇನೆ. ನಾಲ್ಕು ಚಪಾತಿ ಬೇಯಿಸಿಕೊಂಡು ಬರುವಷ್ಟರಲ್ಲಿ ಎಷ್ಟು ತಪ್ಪಿಹೋಗುತ್ತದೆ? ಆಟದ ಗಂಧಗಾಳಿ ಇಲ್ಲದವರು ಪಕ್ಕದಲ್ಲಿ ಕೂತರೆ ಅವರಿಗೂ ರುಚಿಸುತ್ತದಾ? ಕೂತು ನೋಡುವುದು ಚೆನ್ನವೋ, ಹೋಗಿ ನೋಡುವುದೋ? ಮುಗಿದ ಮೇಲೆ ನಿದ್ದೆ ಬರುತ್ತದಾ?

ಮೊದಲು ಆರ್‌ಸಿಬಿ. ಇಲ್ಲಾಂದ್ರೆ ಊರವರು ಸುಮ್ಮನಿರುವುದಿಲ್ಲ.

ಈ ತಂಡದ ಹಿಂದೆ ಬೀಳುವುದಕ್ಕೆ ಗುಂಡಿಗೆ ಗಟ್ಟಿ ಇರಬೇಕು. ಏಪ್ರಿಲ್ 23 ಅನ್ನೋ ಒಂದು ತಾರೀಖು ಸಾಕು. 2013ರಲ್ಲಿ ಅವತ್ತು ನಮ್ಮೂರ ಚಿನ್ನಸ್ವಾಮಿ ಮೈದಾನದಲ್ಲಿ ಕ್ರಿಸ್ ಗೇಲ್ 66 ಎಸೆತಕ್ಕೆ 175 ಚಚ್ಚಿದರು, ತಂಡ 263 ಮಾಡಿತು. 2017ರಲ್ಲಿ ಅದೇ ತಾರೀಖು ಕೋಲ್ಕತ್ತದಲ್ಲಿ 49ಕ್ಕೆ ಗಂಟುಮೂಟೆ ಕಟ್ಟಿತು. 2009, 2011, 2016ರಲ್ಲಿ ಫೈನಲ್‌ಗೆ ಹೋಗಿ ಸೋತಿತು. 2016ರದ್ದಂತೂ ನಮ್ಮ ಮೈದಾನದಲ್ಲೇ. ಗೇಲ್, ಕೊಹ್ಲಿ ಮೊದಲ ವಿಕೆಟ್‌ಗೆ 114 ಸೇರಿಸಿಯೂ ಕೊನೆಗೆ 8 ರನ್ನಿನ ಸೋಲು. ‘ಈ ಸಲ ಕಪ್ ನಮ್ದೇ’ ಅನ್ನುವುದನ್ನು ಬೇರೆ ಊರಿನವರು ನಮಗಿಂತ ಜಾಸ್ತಿ ಹೇಳುತ್ತಿದ್ದರು, ಹಲ್ಲು ಕಿರಿದುಕೊಂಡು.

ಮೊದಲು ಕಪ್ ತಂದವರು ನಮ್ಮ ಹುಡುಗಿಯರು ಅನ್ನುವುದನ್ನು ಜನ ಬೇಗ ಮರೆಯುತ್ತಾರೆ. 2024ರ ಮಾರ್ಚ್‌ನಲ್ಲಿ ಹೆಂಗಸರ ಲೀಗ್ ಡಬ್ಲ್ಯುಪಿಎಲ್ ಫೈನಲ್‌ನಲ್ಲಿ ಸ್ಮೃತಿ ಮಂಧಾನ ಅವರ ಆರ್‌ಸಿಬಿ ತಂಡ ದೆಹಲಿಯನ್ನು ದೆಹಲಿಯಲ್ಲೇ ಸೋಲಿಸಿತು. ಶ್ರೇಯಾಂಕಾ ಪಾಟೀಲ್ ಬರೀ 12 ರನ್ ಕೊಟ್ಟು ನಾಲ್ಕು ವಿಕೆಟ್ ಕಿತ್ತಳು. ನನ್ನ ಮಗಳು ಅಲ್ಲಿವರೆಗೆ ಬ್ಯಾಟಿಗಾಗಿ ಜಗಳ ಆಡುತ್ತಿದ್ದವಳು ಮಾರನೇ ದಿನದಿಂದ ಬಾಲಿಗಾಗಿ ಜಗಳ ಶುರು ಮಾಡಿದಳು.

ಗಂಡಸರ ಕಪ್ ಬಂದಿದ್ದು 2025ರ ಜೂನ್ 3ಕ್ಕೆ, ಅಹಮದಾಬಾದಿನಲ್ಲಿ. ಆ ಕೊನೇ ಓವರ್ ನೋಡಿದ್ದೀರಲ್ವಾ? ಪಂಜಾಬಿಗೆ ಬೇಕಿದ್ದದ್ದು 29. ಹೇಜಲ್‌ವುಡ್ ಹಾಕಿದ ಮೊದಲ ಎರಡು ಎಸೆತಕ್ಕೆ ರನ್ ಇಲ್ಲ. ಲೆಕ್ಕ ಅಲ್ಲಿಗೇ ಮುಗಿದಿತ್ತು. ಬೌಂಡರಿ ಹತ್ತಿರ ನಿಂತಿದ್ದ ಕೊಹ್ಲಿಗೆ ಕಣ್ಣು ತುಂಬಿ ಬಂದಿತ್ತು. ಆಮೇಲೆ ಶಶಾಂಕ್ ಸಿಂಗ್ 6, 4, 6, 6 ಬಾರಿಸಿದರು. ನೋ ಬಾಲ್ ಒಂದು ಬೀಳದಿದ್ದರೆ ಗೆಲುವು ನಮ್ಮದೇ ಅಂತ ಲೆಕ್ಕ ಹೇಳುತ್ತಿತ್ತು. ಆದರೂ ನಾನು ಸೋಫಾದಿಂದ ಇಳಿದು ನೆಲದ ಮೇಲೆ ಕೂತಿದ್ದೆ. ಗೆದ್ದಿದ್ದು 6 ರನ್ನಿನಿಂದ. ಅಷ್ಟು ವರ್ಷ ಪೆಟ್ಟು ತಿಂದವರಿಗೆ ಬರೀ ಲೆಕ್ಕದ ಮೇಲೆ ನಂಬಿಕೆ ಎಲ್ಲಿಂದ ಬರಬೇಕು.

ಮಾರನೇ ದಿನ ಚಿನ್ನಸ್ವಾಮಿ ಹೊರಗೆ ವಿಜಯೋತ್ಸವಕ್ಕೆ ಸೇರಿದ ಗುಂಪಿನ ಕಾಲ್ತುಳಿತದಲ್ಲಿ 11 ಜನ ತೀರಿಕೊಂಡರು. ಆಮೇಲೆ ಆ ಕಪ್ಪಿನ ಫೋಟೋ ನೋಡಿದಾಗಲೆಲ್ಲ ಆ ಗೇಟುಗಳೂ ನೆನಪಾಗುತ್ತವೆ. ಮಗಳನ್ನು ಕರೆದುಕೊಂಡು ಆ ಗುಂಪಿಗೆ ಹೋಗುವ ಧೈರ್ಯ ನನಗಿಲ್ಲ. ಅದಕ್ಕೂ ಮುಂಚೆ ಹೋದಾಗಲೂ, ಸದ್ದು ಅದ್ಭುತ ನಿಜ, ಮೈ ಜುಮ್ಮೆನ್ನುತ್ತದೆ. ಆದರೆ ಟಿಕೆಟ್ ಸಿಗುವುದು ಕಷ್ಟ, ಸಿಕ್ಕರೆ ದುಬಾರಿ. ಬಾಲ್ ಎಲ್ಲಿ ಹೋಯಿತು ಅಂತ ತಿಳಿಯುವಷ್ಟರಲ್ಲಿ ಮುಂದಿನವರು ಎದ್ದು ನಿಂತಿರುತ್ತಾರೆ. ಆರ್‌ಸಿಬಿ ನನ್ನ ಮಟ್ಟಿಗೆ ಟಿವಿ ಆಟ. ವಿಜಯ್ ಭಾರದ್ವಾಜ್, ಭರತ್ ಚಿಪ್ಲಿ ಅವರ ಕನ್ನಡ ಕಾಮೆಂಟರಿ ಜೊತೆಗಿದ್ದರೆ ಅತ್ತೆಯೂ ಒಂದು ಕಿವಿ ಈ ಕಡೆ ಇಟ್ಟಿರುತ್ತಾರೆ.

ಒಂದು ಮುನಿಸು ಮಾತ್ರ ಇದೆ. 2025ರ ಏಪ್ರಿಲ್‌ನಲ್ಲಿ ಕೆ.ಎಲ್. ರಾಹುಲ್ ದೆಹಲಿ ಪರ 93 ಹೊಡೆದು ಗೆಲ್ಲಿಸಿ, ಚಿನ್ನಸ್ವಾಮಿ ನೆಲದ ಮೇಲೆ ಬ್ಯಾಟಿನಿಂದ ಗುಂಡಗೆ ಗೆರೆ ಎಳೆದು, ಇದು ನನ್ನ ಜಾಗ ಅಂತ ತೋರಿಸಿದರಲ್ಲ, ಅವತ್ತು ಸೋತಿದ್ದಕ್ಕೆ ಬೇಜಾರು ಮಾಡಿಕೊಳ್ಳಲೋ, ನಮ್ಮ ಹುಡುಗ ಅಂತ ಖುಷಿಪಡಲೋ ತಿಳಿಯಲಿಲ್ಲ. ನಮ್ಮೂರ ತಂಡದಲ್ಲಿ ನಮ್ಮವರು ಇನ್ನಷ್ಟು ಇರಬೇಕಿತ್ತು.

ಚಪಾತಿ ಪರೀಕ್ಷೆಯಲ್ಲಿ ಕ್ರಿಕೆಟ್ ಅರ್ಧ ಪಾಸು. ಸ್ಕೋರ್ ಮೂಲೆಯಲ್ಲೇ ಇರುತ್ತದೆ, ಬಂದು ನೋಡಿದರೆ ಗೊತ್ತಾಗುತ್ತದೆ. ನಿದ್ದೆ ಪರೀಕ್ಷೆಯಲ್ಲಿ ಪೂರ್ತಿ ಫೇಲು. ಆಟ ಹನ್ನೊಂದೂವರೆವರೆಗೆ ಎಳೆಯುತ್ತದೆ, ಕಣ್ಣು ಮುಚ್ಚುವಷ್ಟರಲ್ಲಿ ಸೋತರೆ ರಾತ್ರಿ ಒಂದು ಗಂಟೆ, ಗೆದ್ದರೆ ಎರಡು ಗಂಟೆ.

ಬುಲ್ಸ್ ಕಥೆಯೇ ಬೇರೆ. ಕಬಡ್ಡಿ ನಮ್ಮನೆಗೆ ಬಂದಿದ್ದು ಒಂದು ರೀತಿ ರಾಜಿಯಾಗಿ. ಇಪ್ಪತ್ತಿಪ್ಪತ್ತು ನಿಮಿಷದ ಎರಡು ಅರ್ಧ, ನಡುವೆ ಸ್ವಲ್ಪ ಬಿಡುವು, ಎಂಟಕ್ಕೆ ಶುರುವಾದದ್ದು ಒಂಬತ್ತರ ಹೊತ್ತಿಗೆ ಮುಗಿಯುತ್ತದೆ. ಅತ್ತೆ ಒಪ್ಪಿಕೊಂಡಿದ್ದು ಅದಕ್ಕೇ. ನಾನು ನಿಯಮ ಹೇಳಿಕೊಡೋಣ ಅಂತ ಹೊರಟರೆ, ಅವರೇ ತಿರುಗಿ, ‘ನಾವು ಸ್ಕೂಲಲ್ಲಿ ಆಡ್ತಿದ್ವಲ್ಲೇ, ನಂಗೇನು ಹೇಳ್ತೀಯ’ ಅಂದರು. ಎದುರಾಳಿ ಅಂಕಣಕ್ಕೆ ನುಗ್ಗುವ ರೈಡಿಗೆ ಮೂವತ್ತು ಸೆಕೆಂಡಿನ ಲೆಕ್ಕ, ಪಾಯಿಂಟ್ ತರಲೇಬೇಕಾದ ಡೂ ಆರ್ ಡೈ ರೈಡ್, ಮೂವರೋ ಅದಕ್ಕಿಂತ ಕಡಿಮೆಯೋ ಉಳಿದಾಗ ಹಿಡಿದರೆ ಸೂಪರ್ ಟ್ಯಾಕಲ್ ಅಂತ ಒಂದು ಪಾಯಿಂಟ್ ಜಾಸ್ತಿ, ಇವನ್ನೆಲ್ಲ ಎರಡನೇ ದಿನಕ್ಕೇ ಕಲಿತರು. ಈಗ ರೈಡರ್ ಗೆರೆ ದಾಟುವ ಮುಂಚೆಯೇ ‘ಕಾಲು ಹಿಡಿ, ಕಾಲು’ ಅಂತ ಕೂಗುವವರು ಅವರೇ.

ಹತ್ತಿರದಿಂದ ನೋಡಿದರೆ ಇದರ ಚೆಂದ ಇರುವುದು ಆ ಸಣ್ಣ ಸಣ್ಣ ಹುಸಿ ಚಲನೆಗಳಲ್ಲಿ. ರೈಡರ್ ಎಡಗಾಲು ಮುಂದೆ ಚಾಚಿ ಬೋನಸ್ ಗೆರೆ ಆಸೆ ತೋರಿಸುತ್ತಾನೆ, ಮೂಲೆಯಲ್ಲಿರುವವನು ಒಂದಂಗುಲ ಮುಂದೆ ಬಾಗುತ್ತಾನೆ, ಅಷ್ಟರಲ್ಲಿ ಕೈ ಭುಜಕ್ಕೆ ತಾಗಿ ವಾಪಸ್. 2019ರ ಜನವರಿ 5ರ ಪ್ರೊ ಕಬಡ್ಡಿ ಲೀಗ್ ಫೈನಲ್‌ನಲ್ಲಿ ನಮ್ಮ ರೈಡರ್ ಪವನ್ ಸೆಹ್ರಾವತ್ ಮಾಡಿದ್ದು ಇದನ್ನೇ. ಅರ್ಧ ಆಟಕ್ಕೆ ಗುಜರಾತ್ 16, ನಾವು 9. ಕೊನೆಗೆ ಬುಲ್ಸ್ 38, ಗುಜರಾತ್ 33. ಅದರಲ್ಲಿ 22 ಪಾಯಿಂಟ್ ಪವನ್ ಒಬ್ಬರದ್ದೇ. ಇಲ್ಲಿಯವರೆಗೆ ಬುಲ್ಸ್‌ಗೆ ಬಂದಿರುವ ಕಪ್ ಅದೊಂದೇ.

ಈ ತಂಡದ ಸಂಕಟ ಹರಾಜು. 2022ರಲ್ಲಿ ಪವನ್ ಅವರನ್ನು ತಮಿಳ್ ತಲೈವಾಸ್ 2.26 ಕೋಟಿಗೆ ಕೊಂಡೊಯ್ದಿತು. ಮುಂದಿನ ಹರಾಜಿಗೆ ತೆಲುಗು ಟೈಟಾನ್ಸ್. ನಾವು ಯಾರ ಹೆಸರು ಹೇಳಿಕೊಂಡು ಕೂಗುವುದು? ಇನ್ನೊಂದು ಸಂಕಟ, ಹೆಸರಲ್ಲಿ ಬೆಂಗಳೂರು ಇದ್ದರೂ ಆಟ ಬೆಂಗಳೂರಲ್ಲಿ ಇರುವುದೇ ಅಪರೂಪ. 2023ರ ಡಿಸೆಂಬರ್‌ನಲ್ಲಿ ಕಂಠೀರವ ಒಳಾಂಗಣದಲ್ಲಿ ಆಡಿದರು. 2024ರಲ್ಲಿ ಹೈದರಾಬಾದ್, ನೋಯ್ಡಾ, ಪುಣೆ. 2025ರಲ್ಲೂ ನಮ್ಮೂರು ಇಲ್ಲ. 2024ರಲ್ಲಂತೂ ತಂಡ ಪಟ್ಟಿಯ ತಳದಲ್ಲಿತ್ತು, ಇಲ್ಲಿ ಆಡದಿದ್ದದ್ದೇ ಒಳ್ಳೇದಾಯ್ತು ಅನಿಸಿತು ಅಂತಿಟ್ಟುಕೊಳ್ಳಿ. ಚಪಾತಿ ಪರೀಕ್ಷೆಯಲ್ಲಿ ಕಬಡ್ಡಿಗೆ ಸೊನ್ನೆ: ನಾಲ್ಕು ಚಪಾತಿ ಆಗುವಷ್ಟರಲ್ಲಿ ಆಲೌಟ್ ಆಗಿ ಆಟವೇ ತಿರುಗಿರುತ್ತದೆ. ಅದಕ್ಕೇ ಕಬಡ್ಡಿ ದಿನ ನಾವು ಉಪ್ಪಿಟ್ಟು ಮಾಡಿ ಮುಗಿಸುತ್ತೇವೆ.

ಬೆಂಗಳೂರು ಎಫ್‌ಸಿಯನ್ನು ಟಿವಿಯಲ್ಲಿ ಹಾಕಿದರೆ ನಮ್ಮನೆಯಲ್ಲಿ ಹತ್ತು ನಿಮಿಷದಲ್ಲಿ ಎಲ್ಲರೂ ಎದ್ದು ಹೋಗುತ್ತಾರೆ. ತೊಂಬತ್ತು ನಿಮಿಷ ಆಡಿ ಸೊನ್ನೆ ಸೊನ್ನೆ ಅಂದರೆ ಅತ್ತೆಗೆ ಅದು ಆಟವೇ ಅಲ್ಲ. ಆದರೆ ಹೋಗಿ ನೋಡುವ ವಿಷಯಕ್ಕೆ ಬಂದರೆ ಮೂರರಲ್ಲಿ ಇದರ ಹತ್ತಿರ ಯಾವುದೂ ಬರುವುದಿಲ್ಲ.

2013ರಲ್ಲಿ ಹುಟ್ಟಿದ ಕ್ಲಬ್, ಮೊದಲ ವರ್ಷವೇ ಆಗಿನ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು. 2016ರಲ್ಲಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್ ಆಡಿತು. 2019ರ ಮಾರ್ಚ್‌ನಲ್ಲಿ ಹೆಚ್ಚುವರಿ ಸಮಯದ ಕೊನೆಯಲ್ಲಿ ರಾಹುಲ್ ಭೆಕೆ ತಲೆಯಿಂದ ಹೊಡೆದ ಗೋಲಿಗೆ ಗೋವಾ ಸೋತು ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕಪ್ ನಮ್ಮದಾಯಿತು. ಆರ್‌ಸಿಬಿಗೆ ಹದಿನೇಳು ವರ್ಷ ಬಾರದ್ದು ಇವರಿಗೆ ಹಾಗೆ ಬಂದುಬಿಟ್ಟಿತು, ಊರಿಗೆ ಅಷ್ಟಾಗಿ ಗೊತ್ತಾಗಲೂ ಇಲ್ಲ.

ಬಿಎಫ್‌ಸಿ ಆಡುವ ಕಂಠೀರವ ಮೈದಾನದಲ್ಲಿ ಓಟದ ಟ್ರ್ಯಾಕ್ ಇರುವುದರಿಂದ ಆಟ ಸ್ವಲ್ಪ ದೂರ ಅನಿಸುತ್ತದೆ, ಅದೊಂದು ಕೊರತೆ. ಅದನ್ನು ಮರೆಸುವವರು ವೆಸ್ಟ್ ಬ್ಲಾಕ್ ಬ್ಲೂಸ್ ಅನ್ನೋ ಅಭಿಮಾನಿ ಗುಂಪಿನ ಹುಡುಗರು. ಡೋಲು ನಿಲ್ಲುವುದೇ ಇಲ್ಲ, ತಂಡ ಎರಡು ಗೋಲು ಹಿಂದಿದ್ದರೂ. 2023ರ ಮಾರ್ಚ್ 3ರಂದು ಕೇರಳ ಬ್ಲಾಸ್ಟರ್ಸ್ ವಿರುದ್ಧದ ಆಟಕ್ಕೆ ಹೋಗಿದ್ದೆ. ಹೆಚ್ಚುವರಿ ಸಮಯದಲ್ಲಿ ಫ್ರೀ ಕಿಕ್ ಸಿಕ್ಕಿತು. ಎದುರಿನವರು ಗೋಡೆ ಕಟ್ಟುವ ಮುಂಚೆಯೇ ಸುನಿಲ್ ಛೆಟ್ರಿ ಬಾಲನ್ನು ಮೆಲ್ಲಗೆ ಎತ್ತಿ ಗೋಲಿಗೆ ಹಾಕಿಬಿಟ್ಟರು. ರೆಫರಿ ಗೋಲ್ ಅಂದರು. ಬ್ಲಾಸ್ಟರ್ಸ್ ಕೋಚ್ ತಮ್ಮ ಹುಡುಗರನ್ನು ಕರೆದುಕೊಂಡು ಒಳಗೆ ಹೋದರು, ಮತ್ತೆ ಬರಲಿಲ್ಲ. ಸ್ಟ್ಯಾಂಡ್‌ನಲ್ಲಿ ಇದ್ದವರಿಗೆ ಗೆದ್ದೆವೋ ಇಲ್ಲವೋ ಅಂತ ಗೊತ್ತಿಲ್ಲ. ಮನೆಯಲ್ಲಿ ಟಿವಿ ಮುಂದೆ ಕೂತವರಿಗೆ ಎಲ್ಲ ಗೊತ್ತಾಗಿತ್ತು, ಅವರಿಗೆ ಫೋನ್ ಮಾಡಿ ಕೇಳಿದವರೇ ಜಾಸ್ತಿ. ಅಂಥ ಗೊಂದಲದಲ್ಲಿ ಪರಿಚಯವೇ ಇಲ್ಲದ ಹತ್ತು ಜನರ ಜೊತೆ ವಾದ ಮಾಡುವ ಸುಖ ಸೋಫಾದಲ್ಲಿ ಸಿಗುವುದಿಲ್ಲ.

ಟಿಕೆಟ್ ಕೈಗೆಟುಕುತ್ತದೆ, ಸಾಮಾನ್ಯ ದಿನ ಎರಡು ಗಂಟೆಯಲ್ಲಿ ಮುಗಿಯುತ್ತದೆ, ನಡೆದು ಹೋಗಿ ಮೆಟ್ರೊ ಹತ್ತಬಹುದು. ಹೆಂಗಸರು ಮಕ್ಕಳು ಹಾಯಾಗಿ ಕೂರುತ್ತಾರೆ.

ಇನ್ನು ಎದುರು ಪಕ್ಷ. ಅತ್ತೆಯ ಧಾರಾವಾಹಿ ‘ಪುಟ್ಟಕ್ಕನ ಮಕ್ಕಳು’ 2021ರ ಡಿಸೆಂಬರ್‌ನಲ್ಲಿ ಶುರುವಾದಾಗ ನಾನು ಮೂಗು ಮುರಿದವಳೇ. ಗಂಡ ಬಿಟ್ಟ ಮೇಲೆ ಮೆಸ್ ನಡೆಸಿಕೊಂಡು ಮೂವರು ಹೆಣ್ಣುಮಕ್ಕಳನ್ನು ಸಾಕುವ ಹೆಂಗಸು. ಉಮಾಶ್ರೀ ಅವರು ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತರೆ ಚಾನೆಲ್ ಬದಲಿಸಲು ಕೈ ಬರುತ್ತಿರಲಿಲ್ಲ. ಚಪಾತಿ ಪರೀಕ್ಷೆಯಲ್ಲಿ ಧಾರಾವಾಹಿಗೆ ನೂರಕ್ಕೆ ನೂರು. ನೀವು ಚಪಾತಿ ಅಲ್ಲ, ಒಬ್ಬಟ್ಟು ಮಾಡಿ ಬಂದರೂ ಆ ಪಾತ್ರ ಇನ್ನೂ ಬಾಗಿಲಲ್ಲೇ ನಿಂತಿರುತ್ತದೆ. ಆದರೆ 2024ರಲ್ಲಿ ಪುಟ್ಟಕ್ಕನ ಮಗಳು ಸ್ನೇಹಾ ಪಾತ್ರವನ್ನು ಸಾಯಿಸಿದಾಗ ಅತ್ತೆ ಸರಿಯಾಗಿ ಊಟ ಮಾಡಲಿಲ್ಲ. ‘ನಿಮ್ಮ ಆರ್‌ಸಿಬಿ ಸೋತ್ರೆ ಮುಂದಿನ ವರ್ಷ ಬರುತ್ತೆ, ಈ ಹುಡುಗಿ ಬರ್ತಾಳಾ?’ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಟಿ.ಎನ್. ಸೀತಾರಾಂ ಅವರ ‘ಮಾಯಾಮೃಗ’, ‘ಮುಕ್ತ’ ನೋಡಿ ಬೆಳೆದವರಿಗೆ ಈಗಿನವು ಸಪ್ಪೆ ಅನಿಸುವುದು ಸಹಜ. ಅವರ ಕೋರ್ಟ್ ದೃಶ್ಯದಲ್ಲಿ ಒಂದು ಪ್ರಶ್ನೆ ತಪ್ಪಿದರೆ ವಾದದ ಎಳೆಯೇ ಕೈತಪ್ಪುತ್ತಿತ್ತು. ಅಡುಗೆಮನೆಯಿಂದ ನಮ್ಮಮ್ಮ ಕಿವಿ ಚಾಚಿ ಕೇಳುತ್ತಿದ್ದರು.

‘ಬಿಗ್ ಬಾಸ್’ನಲ್ಲಿ ಜಗಳ ಜಾಸ್ತಿ, ನನಗೆ ಬೇಗ ಸಾಕಾಗುತ್ತದೆ. ಆದರೆ ಆಟದ ಅಭಿಮಾನಿಗೆ ಸಿಗದ ಒಂದು ಸೌಲಭ್ಯ ಅಲ್ಲಿದೆ: ನಮ್ಮ ವೋಟಿಗೆ ಬೆಲೆ ಇದೆ. ಹಾವೇರಿ ಕಡೆಯ ಹನುಮಂತ ವೈಲ್ಡ್ ಕಾರ್ಡ್‌ನಲ್ಲಿ ಒಳಗೆ ಹೋಗಿ 2025ರ ಜನವರಿಯಲ್ಲಿ ಗೆದ್ದಾಗ ನಮ್ಮ ಬೀದಿಯಲ್ಲಿ ಪಟಾಕಿ ಹೊಡೆದರು. ವೋಟ್ ಹಾಕಿದವರೆಲ್ಲ ತಾವೇ ಗೆದ್ದ ಹಾಗೆ ಓಡಾಡಿದರು. ಆರ್‌ಸಿಬಿಗೂ ಹನ್ನೊಂದು ಜನರನ್ನು ಆರಿಸಲು ವೋಟ್ ಕೊಟ್ಟಿದ್ದರೆ ಎಂಥ ಅನಾಹುತ ಆಗುತ್ತಿತ್ತೋ!

ನನ್ನ ವೋಟ್ ಮಾತ್ರ ಚಂದನದ ‘ಥಟ್ ಅಂತ ಹೇಳಿ’ಗೆ. 2002ರಿಂದ ನಡೆಯುತ್ತಿದೆ. ಡಾ. ನಾ. ಸೋಮೇಶ್ವರ ಅವರು ಪ್ರಶ್ನೆ ಕೇಳುತ್ತಾರೆ, ಸರಿ ಉತ್ತರಕ್ಕೆ ಪುಸ್ತಕ ಕೊಡುತ್ತಾರೆ. ಕಿರುಚಾಟ ಇಲ್ಲ, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಸೋಫಾದಲ್ಲಿ ಕೂತವರೆಲ್ಲ ಆಡಬಹುದಾದದ್ದು ಇದೊಂದೇ. ಗಾದೆ, ಪುರಾಣ ಬಂದರೆ ಅತ್ತೆ, ಕ್ರಿಕೆಟ್ ಬಂದರೆ ನಾನು, ಪ್ರಾಣಿಪಕ್ಷಿ ಬಂದರೆ ಮಗಳು. ಮೂಲೆಯಲ್ಲಿದ್ದವರೂ ಒಂದು ಕಿವಿಯ ಇಯರ್‌ಫೋನ್ ತೆಗೆಯುತ್ತಾರೆ.

ಈಗ ನಮ್ಮನೆಯ ಒಪ್ಪಂದ ಹೀಗಿದೆ. ಬೇಸಿಗೆಯಲ್ಲಿ ಆರ್‌ಸಿಬಿ ಆಟವಿದ್ದ ದಿನ ಟಿವಿ ನನ್ನದು, ಅತ್ತೆ ತಮ್ಮ ಕಂತನ್ನು ಮಾರನೇ ದಿನ ಮಧ್ಯಾಹ್ನ ಮೊಬೈಲ್‌ನಲ್ಲಿ ನೋಡುತ್ತಾರೆ. ಕಬಡ್ಡಿ ಇಬ್ಬರದ್ದೂ. ತಕರಾರು ಉಳಿದಿರುವುದು ಕಬಡ್ಡಿ, ‘ಬಿಗ್ ಬಾಸ್’ ಎರಡೂ ಇರುವ ಶನಿವಾರಕ್ಕೆ. ಬುಲ್ಸ್ ಆಟ ಎರಡನೇದಾಗಿ ಬಿದ್ದರೆ ಒಂಬತ್ತಕ್ಕೆ ಶುರು, ಆ ಹೊತ್ತಿಗೇ ‘ಬಿಗ್ ಬಾಸ್’ ನಡೆಸಿಕೊಡಲು ಸುದೀಪ್ ಕೋಟ್ ಹಾಕಿಕೊಂಡು ಬರುತ್ತಾರೆ. ಮಗಳು ಅತ್ತೆ ಕಡೆ ಸೇರಿದ್ದಾಳೆ, ನನ್ನ ಕಡೆ ಯಾರೂ ಇಲ್ಲ. ಅಂಥ ಶನಿವಾರ ಕಂಠೀರವದಲ್ಲಿ ಬಿಎಫ್‌ಸಿ ಆಟ ಇದೆಯಾ ಅಂತ ನಾನು ಬುಧವಾರವೇ ನೋಡಿ ಟಿಕೆಟ್ ತಗೊಂಡಿರುತ್ತೇನೆ.