ದಕ್ಷಿಣ ಆಫ್ರಿಕಾದ ಹೂಗೆಡ್ಡೆಗೆ ಹಣ ಕಳಿಸುವ ಮುನ್ನ ಇದನ್ನು ಓದಿ

ಜೂನ್ ಮೊದಲ ವಾರ ತಾರಸಿಯ ಮೇಲೆ ಕುಂಡಗಳನ್ನು ಒಂದೊಂದಾಗಿ ಬೋರಲು ಹಾಕಿದೆ. ಮಣ್ಣಿನ ಹೆಂಟೆ ಒಡೆದಾಗ ಗೋಣಿ ನಾರಿನಂಥ ಹೊರಸಿಪ್ಪೆ ಇದ್ದ ಹಾಗೆಯೇ ಕಾಣಿಸಿತು. ಬೆರಳಲ್ಲಿ ಅದುಮಿದರೆ ಒಳಗಿನಿಂದ ಮಾಸಲು ಗಂಜಿಯಂಥದ್ದು ಸೋರಿತು. ಕೊಳೆತ ಈರುಳ್ಳಿ ಚೀಲ ಬಿಚ್ಚಿದಾಗ ಬರುವ ನಾತ. ಹದಿನೆಂಟು ಗೆಡ್ಡೆಗಳಲ್ಲಿ ಹದಿನಾರು ಹೀಗೆಯೇ ಹೋದವು. ಉಳಿದ ಎರಡು ನಾನು ದುಡ್ಡು ಕೊಟ್ಟ ಗಿಡವೇ ಅಲ್ಲ. ಮೈಸೂರು, ಮಂಡ್ಯ ಕಡೆಯ ಕೈತೋಟದವರು ಇನ್ನಾರೂ ಈ ಬಲೆಗೆ ಬೀಳಬಾರದೆಂದು ನಡೆದದ್ದನ್ನು ನಡೆದಂತೆ ಬರೆಯುತ್ತಿದ್ದೇನೆ.

ಫೆಬ್ರವರಿಯಲ್ಲಿ ಮೊಬೈಲ್‌ನಲ್ಲಿ ಒಂದು ಜಾಹೀರಾತು ಕಂಡಿತು. ಹಸಿರು ಬೆರೆತ ನೀಲಿಯ ಹೂಗೊಂಚಲಿನ ಚಿತ್ರ. ಆ ಬಣ್ಣದ ಹೂ ನಿಜವಾಗಿಯೂ ಇದೆ, ಲಾಕೆನೇಲಿಯಾ ವಿರಿಡಿಫ್ಲೋರಾ ಎಂದು ಅದರ ಹೆಸರು. ಚಿತ್ರ ಸುಳ್ಳಲ್ಲ, ಕೆಳಗಿದ್ದ ಮಾತು ಸುಳ್ಳು: ‘ಆಫ್ರಿಕಾದಿಂದ ನೇರವಾಗಿ ತರಿಸಿದ್ದು, ಮೈಸೂರಿನ ಹವೆಗೆ ಹೇಳಿ ಮಾಡಿಸಿದ್ದು, ಯಾವ ತಿಂಗಳಲ್ಲಾದರೂ ನೆಡಬಹುದು.’ ನಂಬಿದೆ. ಫ್ರೀಸಿಯಾ ಹತ್ತು, ಸ್ಪಾರಾಕ್ಸಿಸ್ ನಾಲ್ಕು, ಲಾಕೆನೇಲಿಯಾ ಎರಡು, ಬೆಲ್ಲಡೋನಾ ಎರಡು. ಒಟ್ಟು 3,200 ರೂಪಾಯಿ.

ಮಾರ್ಚ್‌ನಲ್ಲಿ ಚಿಗುರೊಡೆದಾಗ ಮನೆಯವರನ್ನೆಲ್ಲ ಕರೆದು ತೋರಿಸಿದ್ದೆ. ಎಲೆಗಳು ಸಣಕಲಾಗಿ ಉದ್ದಕ್ಕೆ ಬೆಳೆದು ಬಾಗಿದವು. ಮೊಗ್ಗಿನ ಸುಳಿವಿಲ್ಲ. ಏಪ್ರಿಲ್ ಕೊನೆಗೆ ತುದಿಯಿಂದ ಹಳದಿಯಾಗತೊಡಗಿದಾಗ ಬಾಯಾರಿದೆ ಎಂದುಕೊಂಡು ಸಂಜೆಯೂ ನೀರು ಹಾಕಿದೆ. ಅವು ಬಾಯಾರಿರಲಿಲ್ಲ, ನಿದ್ದೆಗೆ ಜಾರುತ್ತಿದ್ದವು. ಆಮೇಲೆ ಮೇ ತಿಂಗಳ ಗುಡುಗು ಮಳೆ ಬಂತು.

ಮಾರಿದವರು ಹೇಳಬೇಕಾಗಿದ್ದುದು, ನಾನು ಕೇಳಬೇಕಾಗಿದ್ದುದು ಇಷ್ಟು. ದಕ್ಷಿಣ ಆಫ್ರಿಕಾದ ಕೇಪ್ ಟೌನ್ ಸೀಮೆಯಲ್ಲಿ ಮಳೆ ಬೀಳುವುದು ಅಲ್ಲಿಯ ಚಳಿಗಾಲದಲ್ಲಿ, ಮೇಯಿಂದ ಆಗಸ್ಟ್‌ವರೆಗೆ. ಬೇಸಿಗೆ ಒಣಗು. ಫ್ರೀಸಿಯಾ, ಸ್ಪಾರಾಕ್ಸಿಸ್, ಲಾಕೆನೇಲಿಯಾಗಳ ಹೆಚ್ಚಿನ ಜಾತಿಗಳು ಆ ಕಡೆಯವು. ತಂಪಿನಲ್ಲಿ ಬೆಳೆದು, ಬೇಸಿಗೆಯಿಡೀ ಒಣ ಮಣ್ಣಿನಲ್ಲಿ ಮಲಗುತ್ತವೆ. ಮಲಗಿದ ಗೆಡ್ಡೆಗೆ ನೀರು ತಗುಲಿದರೆ ಕೊಳೆಯುತ್ತದೆ. ಮೈಸೂರಿನಲ್ಲಿ ಜೋರು ಮಳೆ ಬರುವುದೇ ಮೇಯಲ್ಲಿ, ಮತ್ತೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಜೊತೆಗೆ ಅಲ್ಲಿಯ ಋತುಗಳು ನಮಗೆ ತಲೆಕೆಳಗು. ಅಲ್ಲಿ ಮಾರ್ಚ್ ಎಂದರೆ ಬಿಸಿಲು ತಗ್ಗುವ ಕಾಲ. ಫೆಬ್ರವರಿಯಲ್ಲಿ ಅಲ್ಲಿಂದ ಹೊರಟ ಗೆಡ್ಡೆ ತನ್ನ ಲೆಕ್ಕದಂತೆ ಮಾರ್ಚ್‌ನಲ್ಲಿ ಕಣ್ಣು ಬಿಡುತ್ತದೆ. ಇಲ್ಲಿ ಆಗ ಯುಗಾದಿಯ ಬಿಸಿಲು. ಮೊಗ್ಗು ಕಟ್ಟಲು ಫ್ರೀಸಿಯಾಕ್ಕೆ ವಾರಗಟ್ಟಲೆ ಸುಮಾರು 15 ಡಿಗ್ರಿಯ ತಂಪು ಬೇಕು. ಏಪ್ರಿಲ್‌ನಲ್ಲಿ ನಮ್ಮ ತಾರಸಿಯ ಮೇಲೆ ಅದನ್ನು ಎಲ್ಲಿಂದ ತರಲಿ?

ಇನ್ನು ಆ ಬೆಲ್ಲಡೋನಾ. ಏಪ್ರಿಲ್‌ನಲ್ಲಿ ದೊಡ್ಡ ಕೆಂಪು ಹೂ ಬಿಟ್ಟಿತು. ಎದುರು ಮನೆಯ ಮೇಷ್ಟ್ರು ಸಸ್ಯಶಾಸ್ತ್ರ ಪಾಠ ಮಾಡಿದವರು. ಬಂದು ನೋಡಿ, “ಒಂದು ದಂಟು ಕೊಯ್ಯಲೇನಮ್ಮ?” ಎಂದರು. ಕೊಯ್ದ ತುದಿಯನ್ನು ನನ್ನತ್ತ ತಿರುಗಿಸಿದರು. ಪಪ್ಪಾಯಿ ಎಲೆಯ ತೊಟ್ಟಿನ ಹಾಗೆ ಒಳಗೆ ಟೊಳ್ಳು. “ಬೆಲ್ಲಡೋನಾದ ದಂಟು ಗಟ್ಟಿಯಾಗಿರುತ್ತದೆ, ಹೂ ತಿಳಿಗುಲಾಬಿ. ಇದು ಹಿಪ್ಪಿಯಾಸ್ಟ್ರಮ್, ಇದರ ತವರು ದಕ್ಷಿಣ ಅಮೆರಿಕ. ನಿಮ್ಮ ಹಿತ್ತಲಲ್ಲೇ ಇದೆಯಲ್ಲ!” ಹೌದು, ಬಾವಿಕಟ್ಟೆಯ ಪಕ್ಕ ಅತ್ತೆಯವರ ಕಾಲದಿಂದಲೂ ಇದೆ. ಎರಡನ್ನೂ ಅಮರಿಲ್ಲಿಸ್ ಎಂದೇ ಕರೆಯುವ ರೂಢಿಯಿದೆ, ಮೋಸಕ್ಕೆ ಅದೇ ದಾರಿ.

ಮಾರಿದವರಿಗೆ ಫೋಟೊ ಕಳಿಸಿದೆ. “ನಿಮಗೆ ನೀರು ಹಾಕಲು ಬರುವುದಿಲ್ಲ” ಎಂಬ ಉತ್ತರ ಬಂತು. ಹೊರದೇಶದಿಂದ ತರಿಸಿದ್ದಕ್ಕೆ ಕಾಗದಪತ್ರ ತೋರಿಸಿ ಎಂದು ಕೇಳಿದ ದಿನವೇ ನನ್ನ ನಂಬರನ್ನು ಬ್ಲಾಕ್ ಮಾಡಿದರು. ನೆಡುವ ಗೆಡ್ಡೆಯನ್ನು ಹೊರದೇಶದಿಂದ ತರಲು ನಮ್ಮಲ್ಲಿ ಆಮದು ಪರವಾನಗಿ ಬೇಕು, ಕಳಿಸುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಕೇಂದ್ರ ಸರ್ಕಾರದ 2003ರ ಸಸ್ಯ ಕ್ವಾರಂಟೈನ್ ಆದೇಶದಲ್ಲಿ ಇದು ಸ್ಪಷ್ಟವಾಗಿದೆ. ಕಾಗದವಿಲ್ಲದೆ ಬಂದ ಗೆಡ್ಡೆಯ ಜೊತೆ ಯಾವ ಜಂತುಹುಳು, ಯಾವ ಶಿಲೀಂಧ್ರ ಬಂದಿದೆಯೋ! ನಾನು ಅವನ್ನು ಸುಗಂಧರಾಜದ ಕುಂಡಗಳ ಪಕ್ಕದಲ್ಲೇ ಇಟ್ಟಿದ್ದೆ. ಆ ಮಣ್ಣನ್ನು ಪ್ಲಾಸ್ಟಿಕ್ ಹಾಳೆಯಡಿ ಮುಚ್ಚಿ ವಾರಗಟ್ಟಲೆ ಬಿಸಿಲಿಗೆ ಬೇಯಿಸಿದ್ದೇನೆ, ಆದರೂ ಭಯ ಹೋಗಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಕಾಡಿನಿಂದಲೇ ಗಿಡ ಅಗೆದು ಮಾರುವ ಕಳ್ಳರಿದ್ದಾರೆ ಎಂಬುದೂ ನನಗೆ ಆಮೇಲೆ ತಿಳಿಯಿತು. 2002ರಲ್ಲಷ್ಟೇ ಹೆಸರು ಪಡೆದ ಕ್ಲೈವಿಯಾ ಮಿರಾಬಿಲಿಸ್ ಎಂಬ ಅಪರೂಪದ ಗಿಡಕ್ಕೂ ಆ ಕಾಟ ತಪ್ಪಿಲ್ಲ. ನನ್ನ ದುಡ್ಡು ಅಂಥ ಕೈ ಸೇರಿರಬಹುದೆಂಬುದು ದುಡ್ಡು ಹೋದದ್ದಕ್ಕಿಂತ ಹೆಚ್ಚು ನೋಯಿಸುತ್ತದೆ.

ಇನ್ನೊಂದು ಮಾತು, ಇದು ಮಕ್ಕಳಿರುವ ಮನೆಯವರಿಗೆ. ಪೊಟ್ಟಣ ಬಂದ ದಿನ ಅಡುಗೆಮನೆಯ ಕಟ್ಟೆಯ ಮೇಲೆ ಬಿಚ್ಚಿಟ್ಟಿದ್ದೆ. ಅಮ್ಮ ಹಿಪ್ಪಿಯಾಸ್ಟ್ರಮ್ ಗೆಡ್ಡೆಯನ್ನು ಈರುಳ್ಳಿ ಎಂದೇ ಎತ್ತಿಕೊಂಡು ಈಳಿಗೆಮಣೆಯ ಮುಂದೆ ಕೂತಿದ್ದರು. ನೋಡಿದ್ದು ನಮ್ಮ ಪುಣ್ಯ. ಹಿಪ್ಪಿಯಾಸ್ಟ್ರಮ್, ಬೆಲ್ಲಡೋನಾ ಗೆಡ್ಡೆಗಳಲ್ಲಿ ಲೈಕೋರಿನ್ ಎಂಬ ವಿಷವಿದೆ, ತಿಂದರೆ ವಾಂತಿಭೇದಿ.

ಈ ಗಿಡಗಳ ಮೇಲೆ ನನಗೇನೂ ಕೋಪವಿಲ್ಲ, ಇಂದಿಗೂ ಆಸೆಯಿದೆ. ಕೊಳ್ಳುವವರು ಮೊದಲು ಪೂರ್ತಿ ಸಸ್ಯನಾಮ ಕೇಳಿ, ಅದು ಚಳಿಗಾಲದ ಮಳೆಯ ಸೀಮೆಯದೋ ಬೇಸಿಗೆ ಮಳೆಯದೋ ತಿಳಿದುಕೊಳ್ಳಿ. ಚಳಿಗಾಲದ ಮಳೆಯದಾದರೆ ಇಲ್ಲಿ ಅಕ್ಟೋಬರ್ ಕೊನೆಯಲ್ಲಿ ಮುಕ್ಕಾಲು ಪಾಲು ಮರಳಿನಲ್ಲಿ ನೆಡಿ, ಎಲೆ ಹಳದಿಯಾದ ಕೂಡಲೇ ನೀರು ನಿಲ್ಲಿಸಿ ಕುಂಡವನ್ನು ಸೂರಿನಡಿಗೆ ಎಳೆಯಿರಿ. ಅಷ್ಟಾದರೂ ಹೂ ಖಂಡಿತವೆಂದು ಹೇಳಲಾರೆ. ಬೇಸಿಗೆ ಮಳೆಯ ಸೀಮೆಯವು ನಮಗೆ ಒಗ್ಗುತ್ತವೆ. ಮಂಡ್ಯದ ಗೆಳತಿ ಕೊಟ್ಟ ಫುಟ್‌ಬಾಲ್ ಲಿಲ್ಲಿಯೂ ಆಫ್ರಿಕಾದ್ದೇ. ಅದೇ ಮೇ ಮಳೆಗೆ ಅದು ಕೆಂಪು ಚೆಂಡನ್ನು ಎತ್ತಿ ನಿಂತಿತ್ತು.

ನಿನ್ನೆ ಆ ಜಾಹೀರಾತು ಮಗಳ ಮೊಬೈಲ್‌ನಲ್ಲಿ ಮತ್ತೆ ಕಾಣಿಸಿತು. ಮಾರುವವರ ಹೆಸರು ಬೇರೆ, ನೀಲಿ ಹೂವಿನ ಚಿತ್ರ ಅದೇ, ‘ಯಾವ ತಿಂಗಳಲ್ಲಾದರೂ ನೆಡಬಹುದು’ ಎಂಬ ಸಾಲೂ ಅದೇ.